ಕಾರು ಕೊಳ್ಳುವ ಮುಂಚೆ: ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ, ಕಾರು ಮಾರುವವನೂ ಅಲ್ಲ. ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಮನೆ ಕುವೆಂಪುನಗರದಲ್ಲಿ, ಊರು ಪಾಂಡವಪುರದ ಹತ್ತಿರ. ಲೆಕ್ಕ ಬರೆಯುವ ಚಾಳಿ ಇರುವುದರಿಂದ ನನ್ನ ಕಾರಿಗೆ ಹಾಕಿದ ಪ್ರತಿ ರೂಪಾಯಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಈ ವಿಷಯ ನೆಂಟರಿಗೆಲ್ಲ ಗೊತ್ತಾಗಿ, ಕಾರು ತಗೊಳ್ಳುವವರು ಮೊದಲು ನನಗೆ ಫೋನ್ ಮಾಡುತ್ತಾರೆ. ಕೇಳಿದ್ದನ್ನೇ ಎಲ್ಲರೂ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿದ್ದೇನೆ.

ಬಜೆಟ್ ಹತ್ತು ಲಕ್ಷ. ಯಾವ ಕಾರು ತಗೊಳ್ಳಲಿ?

ಕಾರಿನ ಹೆಸರು ಆಮೇಲೆ. ಹೋದ ತಿಂಗಳು ನೀವು ಎಲ್ಲೆಲ್ಲಿಗೆ ಹೋಗಿದ್ದಿರಿ, ಯಾರನ್ನು ಕೂರಿಸಿಕೊಂಡು ಹೋಗಿದ್ದಿರಿ? ಮೊದಲು ಅದನ್ನು ಬರೆಯಿರಿ.

ನಮ್ಮ ಭಾವ ಹೀಗೆ ಕೇಳಿದಾಗ "ಏಳು ಸೀಟಿಂದೇ ಬೇಕು ಕಣಪ್ಪ, ತಿರುಪತಿಗೆ ಎಲ್ಲರೂ ಒಟ್ಟಿಗೆ ಹೋಗಬೇಕಲ್ಲ" ಅಂದರು. ತಿರುಪತಿಗೆ ಎಷ್ಟು ಸಲ ಹೋಗುತ್ತಾರೆ ಅಂದರೆ ವರ್ಷಕ್ಕೆ ಒಂದು ಸಲ. ಉಳಿದ ದಿನ ಅವರು ಒಬ್ಬರೇ ಮಂಡ್ಯದ ಅಂಗಡಿಗೆ ಹೋಗಿ ಬರುತ್ತಾರೆ. ಆ ಮೂರು ದಿನಕ್ಕೆ ಡ್ರೈವರ್ ಸಮೇತ ಇನ್ನೋವಾ ಬಾಡಿಗೆಗೆ ಸಿಗುತ್ತದೆ. ಹಿಂದಿನ ಎರಡು ಸೀಟನ್ನು ವರ್ಷಪೂರ್ತಿ ಸುಮ್ನೆ ಹೊತ್ತು ತಿರುಗುವುದು ಯಾಕೆ?

ಆನ್ ರೋಡ್ ಬೆಲೆ ಕೊಟ್ಟಾದ ಮೇಲೆ ಉಳಿಯೋದು ಪೆಟ್ರೋಲ್ ಖರ್ಚು ತಾನೇ?

ಎಲ್ಲರೂ ಎಡವುವುದು ಇಲ್ಲೇ. ಒಂದು ಲೆಕ್ಕ ಹಾಕೋಣ.

ಎಕ್ಸ್ ಶೋರೂಂ (ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರುವ ಮುಂಚಿನ ಬೆಲೆ) 8 ಲಕ್ಷದ ಪೆಟ್ರೋಲ್ ಕಾರು ಅಂತ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 14. ಆ ಟ್ಯಾಕ್ಸಿನ ಮೇಲೆ ಮತ್ತೆ ಶೇ 11 ಸೆಸ್. ಎರಡೂ ಸೇರಿದರೆ 1,24,320 ರೂಪಾಯಿ. ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಅದು ಇದು ಅಂತ ಸೇರಿಸಿ 9.7 ಲಕ್ಷಕ್ಕೆ ಕಾರು ಮನೆಗೆ ಬಂತು ಅನ್ನೋಣ. ಎಂಟು ವರ್ಷ ಓಡಿಸಿ 3 ಲಕ್ಷಕ್ಕೆ ಮಾರಿದಿರಿ. ಅಲ್ಲಿಗೆ ಕರಗಿದ್ದು 6.7 ಲಕ್ಷ, ವರ್ಷಕ್ಕೆ ಹೆಚ್ಚುಕಡಿಮೆ 84 ಸಾವಿರ. ವರ್ಷಕ್ಕೆ 8,000 ಕಿಲೋಮೀಟರ್ ಓಡಿಸುವವರಿಗೆ ಇದೊಂದೇ ಕಿಲೋಮೀಟರಿಗೆ ಹತ್ತೂವರೆ ರೂಪಾಯಿ ಬೀಳುತ್ತದೆ.

ಪೆಟ್ರೋಲು ಲೀಟರಿಗೆ 100 ರೂಪಾಯಿ, ಮೈಲೇಜ್ 16 ಅಂತ ಹಿಡಿದರೆ ಕಿಲೋಮೀಟರಿಗೆ ಆರೂಕಾಲು. ಇನ್ಶೂರೆನ್ಸ್, ಸರ್ವೀಸು, ಟೈರು, ಬ್ಯಾಟರಿ ಎಲ್ಲ ಸೇರಿ ವರ್ಷಕ್ಕೆ 32 ಸಾವಿರ ಆದರೆ ಅಲ್ಲಿ ನಾಲ್ಕು ರೂಪಾಯಿ. 8 ಲಕ್ಷ ಲೋನು ಮಾಡಿ ಐದು ವರ್ಷದಲ್ಲಿ ತೀರಿಸಿದರೆ ಬಡ್ಡಿಯ ಪಾಲು ಇನ್ನೊಂದು ಮೂರು ರೂಪಾಯಿ.

ಒಟ್ಟು ಕಿಲೋಮೀಟರಿಗೆ ಹತ್ತಿರ ಹತ್ತಿರ 24 ರೂಪಾಯಿ. ಅದರಲ್ಲಿ ಪೆಟ್ರೋಲಿನದು ಕಾಲು ಭಾಗ ಮಾತ್ರ. ನಾವು ಬಂಕಿನಲ್ಲಿ ನಿಂತು ಬೈಯುವುದು ಆ ಕಾಲು ಭಾಗವನ್ನು. ಮುಕ್ಕಾಲು ಭಾಗ ಮನೆ ಮುಂದೆ ನಿಂತಲ್ಲೇ ಕರಗುತ್ತಿರುತ್ತದೆ, ಸದ್ದಿಲ್ಲ.

ಹಾಗಾದ್ರೆ ಮೈಲೇಜ್ ನೋಡೋದೇ ಬೇಡ್ವಾ?

ನೋಡಿ, ಆದರೆ ಎಷ್ಟು ಉಳಿಯುತ್ತದೆ ಅಂತ ಗೊತ್ತಿರಲಿ. ಮೇಲಿನ ಲೆಕ್ಕದಲ್ಲೇ ಮೈಲೇಜ್ 16ರ ಬದಲು 20 ಬಂದರೆ ವರ್ಷಕ್ಕೆ 10 ಸಾವಿರ ಉಳಿಯುತ್ತದೆ. ಆ ಹತ್ತು ಸಾವಿರಕ್ಕೋಸ್ಕರ ಬೆನ್ನು ನೋಯಿಸುವ ಸೀಟನ್ನು ಎಂಟು ವರ್ಷ ಸಹಿಸಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು. ನಾನಂತೂ ಸಹಿಸಲ್ಲ.

ಮುಂದಿನ ಮಾಡೆಲ್‌ಗೆ ಬರೀ ಮೂವತ್ತು ಸಾವಿರ ಜಾಸ್ತಿ ಅಂತಾರೆ. ಅದನ್ನೇ ತಗೊಂಡುಬಿಡಲಾ?

ಆ ಮೂವತ್ತು ಸಾವಿರ ಯಾವ ಗೆರೆ ದಾಟಿಸುತ್ತದೆ ನೋಡಿಕೊಳ್ಳಿ. 10 ಲಕ್ಷ ದಾಟಿದ ತಕ್ಷಣ ಲೈಫ್ ಟ್ಯಾಕ್ಸ್ ಶೇ 14ರಿಂದ 17ಕ್ಕೆ ಹಾರುತ್ತದೆ. 9.9 ಲಕ್ಷದ ಕಾರಿಗೆ ಸೆಸ್ ಸೇರಿ ಟ್ಯಾಕ್ಸ್ 1,53,846 ರೂಪಾಯಿ. 10.2 ಲಕ್ಷದ್ದಕ್ಕೆ 1,92,474. ಅಂದರೆ ಶೋರೂಮಿನವರು ಹೇಳುವ 30 ಸಾವಿರದ ಜತೆ ಇನ್ನೂ 38,628 ರೂಪಾಯಿ ಬಾಲದ ಹಾಗೆ ಬರುತ್ತದೆ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಕೊಟೇಶನ್ನಿನಲ್ಲಿ ಇರುತ್ತದೆ. 20 ಲಕ್ಷದ ಮೇಲೆ ಶೇ 18.

ಕಂಫರ್ಟ್ ಅಂದ್ರೆ ಏನು ನೋಡಬೇಕು?

ಮೈಗೆ ತಾಗುವುದನ್ನು ನೋಡಿ. ಕಣ್ಣಿಗೆ ಕಾಣುವುದನ್ನು ಆಮೇಲೆ ನೋಡಿದರೂ ಆಗುತ್ತದೆ.

ನನಗೆ ಇದನ್ನು ಕಲಿಸಿದ್ದು ಅವ್ವ. ಅವಳಿಗೆ ಎರಡೂ ಮಂಡಿ ನೋವು. ಕಾರು ನೋಡಲು ಅವಳನ್ನೂ ಕರೆದುಕೊಂಡು ಹೋಗಿದ್ದೆ. ಮೊದಲು ಒಂದು ಎತ್ತರದ ಎಸ್‌ಯುವಿ ತೋರಿಸಿದರು. ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು, ಸೀರೆ ನೆರಿಗೆ ಎತ್ತಿ, ಒಂದು ಕಾಲು ಒಳಗಿಟ್ಟಳು. ಇನ್ನೊಂದು ಕಾಲು ಮೇಲೆ ಬರಲಿಲ್ಲ. ಸೇಲ್ಸ್ ಹುಡುಗ ಕೈ ಕೊಡೋಕೆ ಬಂದ. ಅವ್ವ ಇಳಿದುಬಿಟ್ಟಳು. ಆಮೇಲೆ ಒಂದು ತಗ್ಗಿನ ಸೆಡಾನ್. ಅದರೊಳಗೆ ಸಲೀಸಾಗಿ ಕೂತಳು, ಏಳುವಾಗ ಮಾತ್ರ ನಾನೂ ನನ್ನ ಹೆಂಡತಿಯೂ ಸೇರಿ ಎಳೆಯಬೇಕಾಯಿತು. ಮೂರನೆಯದು ಒಂದು ಹ್ಯಾಚ್‌ಬ್ಯಾಕ್, ಸ್ವಲ್ಪ ಎತ್ತರದ ಸೀಟಿನದು. ಅವ್ವ ಬಾಗಿಲು ತೆಗೆದು, ಹೊರಗೆ ಮುಖ ಮಾಡಿ ಸೀಟಿನ ಮೇಲೆ ಕೂತಳು. ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಂಡಳು. "ಇದು ನಮ್ಮನೆ ಜಗಲಿ ಎತ್ತರ ಐತೆ" ಅಂದಳು. ಅವತ್ತೇ ಅಡ್ವಾನ್ಸ್ ಕೊಟ್ಟು ಬಂದೆ.

ಜಗಲಿ ಎತ್ತರದ ಸೀಟು ಅನ್ನೋ ಅಳತೆ ಯಾವ ಬ್ರೋಷರಿನಲ್ಲೂ ಇರಲ್ಲ. ವಯಸ್ಸಾದವರು ಇರುವ ಮನೆಗೆ ಅದಕ್ಕಿಂತ ದೊಡ್ಡ ಫೀಚರ್ ಇಲ್ಲ.

ಇನ್ನು ಉಳಿದಿದ್ದು ತೊಡೆಯ ಕೆಳಗೆ ಸೀಟಿನ ಆಸರೆ. ಸೀಟು ಗಿಡ್ಡ ಇದ್ದರೆ ಬೆಂಗಳೂರು ತಲುಪುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಹಿಂದೆ ಕೂತವರಿಗೂ ಎಸಿ ಗಾಳಿ ಬರುತ್ತದಾ, ಏಪ್ರಿಲ್‌ನ ಮಧ್ಯಾಹ್ನ ನೆನೆಸಿಕೊಂಡು ನೋಡಿ. ಕ್ಲಚ್ ಎಷ್ಟು ಗಟ್ಟಿ? ಸ್ಟೀರಿಂಗ್ ಹಿಂದಿನಿಂದ ಎರಡೂ ಬದಿಯ ಕನ್ನಡಿ ಸರಿಯಾಗಿ ಕಾಣುತ್ತದಾ? ಡಿಕ್ಕಿಯೂ ಬೇಕು. ಊರಿಂದ ಬರುವಾಗ ಅರ್ಧ ಮೂಟೆ ಅಕ್ಕಿ, ಇಪ್ಪತ್ತು ತೆಂಗಿನಕಾಯಿ, ಒಂದು ಬಾಳೆಗೊನೆ ಇಲ್ಲದೆ ನಮ್ಮ ಕಡೆಯವರು ಬರ್ತಾರಾ?

ಟೆಸ್ಟ್ ಡ್ರೈವ್ ಅಂತ ರಿಂಗ್ ರೋಡಲ್ಲಿ ಒಂದು ರೌಂಡ್ ಹೊಡೆಸ್ತಾರೆ. ಸಾಕಾ?

ಸಾಲದು. ರಿಂಗ್ ರೋಡಿನಲ್ಲಿ ಎಲ್ಲ ಕಾರೂ ಚೆನ್ನಾಗೇ ಓಡುತ್ತವೆ. ನೀವು ದಿನಾ ಹೋಗುವ ದಾರಿಯಲ್ಲಿ ಓಡಿಸಬೇಕು ಅಂತ ಹಟ ಹಿಡಿಯಿರಿ. ಸಂಜೆ ಆರಕ್ಕೆ ಸಯ್ಯಾಜಿರಾವ್ ರಸ್ತೆ, ಹಂಪು ಇರುವ ಒಂದು ಹಳ್ಳಿ ರಸ್ತೆ, ಸಾಧ್ಯವಾದರೆ ಚಾಮುಂಡಿ ಬೆಟ್ಟದ ಏರು. ಮನೆಯವರೆಲ್ಲ ಒಳಗಿರಲಿ, ಎಸಿ ಆನ್ ಇರಲಿ. ಒಬ್ಬರೇ ಇದ್ದಾಗ ಸಲೀಸಾಗಿ ಏರುವ ಸಣ್ಣ ಇಂಜಿನ್, ಐದು ಜನ ಕೂತಾಗ ಏದುಸಿರು ಬಿಡುತ್ತದೆ. ಒಂದು ಹತ್ತು ನಿಮಿಷ ನೀವೂ ಹಿಂದಿನ ಸೀಟಿನಲ್ಲಿ ಕೂತು ಬನ್ನಿ. ಕೊಳ್ಳುವವರು ಯಾರೂ ಇದನ್ನು ಮಾಡಲ್ಲ.

ನಮ್ಮೂರ ರೋಡಿಗೆ ಎಸ್‌ಯುವಿನೇ ಸರಿ ಅಲ್ವಾ?

ನೆಲದಿಂದ ಎತ್ತರ ಇರಬೇಕು ಅನ್ನೋದು ನಿಜ. ಅವೈಜ್ಞಾನಿಕ ಹಂಪುಗಳ ವಿಷಯದಲ್ಲಿ ನಮ್ಮ ಕಡೆ ಊರೂರಿಗೆ ಪೈಪೋಟಿ ಇದೆ. ಆದರೆ ಎಸ್‌ಯುವಿ ಅಂತ ಮಾರುವುದರಲ್ಲಿ ಅರ್ಧ, ಎತ್ತರಿಸಿದ ಹ್ಯಾಚ್‌ಬ್ಯಾಕ್‌ಗಳೇ. ನಾಲ್ಕು ಮೀಟರಿನೊಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಇಂಜಿನ್ ಇದ್ದರೆ ಜಿಎಸ್‌ಟಿ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅಂಥವಕ್ಕೆ ಶೇ 18, ಅದಕ್ಕಿಂತ ದೊಡ್ಡವಕ್ಕೆ ಶೇ 40. ಕಂಪನಿಗಳು ಗಾಡಿಯ ಮೂತಿ, ಬಾಲ ಕತ್ತರಿಸಿ ನಾಲ್ಕು ಮೀಟರಿಗೆ ತಂದು ನಿಲ್ಲಿಸುವುದು ಅದಕ್ಕೇ.

ಎತ್ತರದ ಗಾಡಿ ಎಕ್ಸ್‌ಪ್ರೆಸ್‌ವೇಯಲ್ಲಿ ಗಾಳಿಯನ್ನು ಜಾಸ್ತಿ ತಳ್ಳಬೇಕು. ವೇಗ 80 ಇದ್ದಿದ್ದು 100 ಆದರೆ ಪೆಟ್ರೋಲು ಎದ್ದು ಕಾಣುವಷ್ಟು ಜಾಸ್ತಿ ಕುಡಿಯುತ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದಕ್ಕೆ.

ಇನ್ನೊಂದು, ಟೈರು. ನನ್ನ ಹಿಂದಿನ ಕಾರು ಟಾಪ್ ಮಾಡೆಲ್. 17 ಇಂಚಿನ ಅಲಾಯ್ ವೀಲ್, ಪಕ್ಕದ ರಬ್ಬರು ಎರಡು ಬೆರಳು ದಪ್ಪ. ನೋಡೋಕೆ ಏನೋ ಚೆಂದ. ಕಬ್ಬು ಕಡಿಯುವ ಕಾಲ, ರಾತ್ರಿ ಒಂಬತ್ತಕ್ಕೆ ಊರಿಂದ ಬರುತ್ತಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದಿನ ಟ್ರೇಲರಿಗೆ ಲೈಟೂ ಇಲ್ಲ, ಕೆಂಪು ಸ್ಟಿಕ್ಕರೂ ಇಲ್ಲ. ಕಂಡ ತಕ್ಷಣ ಎಡಕ್ಕೆ ಎಳೆದೆ. ಟಾರಿನ ಅಂಚಿಂದ ಚಕ್ರ ಇಳಿದು ಮತ್ತೆ ಹತ್ತಿತು. ಬೆಳಿಗ್ಗೆ ನೋಡಿದರೆ ಟೈರಿನ ಪಕ್ಕದಲ್ಲಿ ಗೆಣಸಿನ ಗಾತ್ರದ ಉಬ್ಬು. ಅದಕ್ಕೆ ಪಂಚರ್ ಹಾಕೋಕಾಗಲ್ಲ, ಹೊಸದೇ ಬೇಕು. ಕೆಳಗಿನ ಮಾಡೆಲ್ಲಿನ 15 ಇಂಚಿನ ಟೈರಿಗೂ ಅದಕ್ಕೂ ಬೆಲೆ ವಿಚಾರಿಸಿದರೆ ಹೆಚ್ಚುಕಡಿಮೆ ಎರಡರಷ್ಟು. ದಪ್ಪ ರಬ್ಬರಿನ ಸಣ್ಣ ಚಕ್ರ ಗುಂಡಿಯನ್ನೂ ಮೆತ್ತಗೆ ನುಂಗುತ್ತದೆ, ಜೇಬನ್ನೂ ಉಳಿಸುತ್ತದೆ. ಕಂಫರ್ಟೂ ಉಳಿತಾಯವೂ ಒಂದೇ ಕಡೆ ಸಿಗುವ ಅಪರೂಪದ ಜಾಗ ಇದು.

ಆಟೋಮ್ಯಾಟಿಕ್ ಗೇರಿಗೆ ಐವತ್ತು–ಅರವತ್ತು ಸಾವಿರ ಜಾಸ್ತಿ ಕೊಡಬಹುದಾ?

ಊರೊಳಗೇ ಜಾಸ್ತಿ ಓಡಿಸುವವರು ಕೊಡಬಹುದು. 55 ಸಾವಿರವನ್ನು ಎಂಟು ವರ್ಷದ 64 ಸಾವಿರ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 86 ಪೈಸೆ. ದಸರಾ ಟೈಮಲ್ಲಿ ಅಗ್ರಹಾರದಿಂದ ಬನ್ನಿಮಂಟಪದ ತನಕ ಕ್ಲಚ್ ತುಳಿದವರಿಗೆ ಅದು ದುಬಾರಿ ಅನ್ನಿಸಲ್ಲ. ಆಟೋಮ್ಯಾಟಿಕ್‌ಗಳಲ್ಲಿ ಅಗ್ಗದ್ದು ಎಎಂಟಿ, ಅಂದರೆ ಮಾಮೂಲಿ ಗೇರ್‌ಬಾಕ್ಸಿನಲ್ಲೇ ಕ್ಲಚ್, ಗೇರಿನ ಕೆಲಸವನ್ನು ಯಂತ್ರ ಮಾಡುವುದು. ಗೇರ್ ಬದಲಾಗುವಾಗ ತಲೆ ಸಣ್ಣಗೆ ಮುಂದಕ್ಕೆ ವಾಲುತ್ತದೆ. ಓಡಿಸಿ ನೋಡಿ, ಕೆಲವರಿಗೆ ಅಭ್ಯಾಸವಾಗುತ್ತದೆ, ಕೆಲವರಿಗೆ ಆಗಲ್ಲ.

ಸನ್‌ರೂಫ್?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಮಕ್ಕಳು ಅದರಲ್ಲಿ ತಲೆ ಹೊರಗೆ ಹಾಕಿ ನಿಲ್ಲುವುದನ್ನು ನೋಡಿದರೆ ನನಗೆ ಎದೆ ಧಸಕ್ ಅನ್ನುತ್ತದೆ. ಆ ದುಡ್ಡಿಗೆ ಆರು ಏರ್‌ಬ್ಯಾಗ್ ಇರುವ, ಭಾರತ್ ಎನ್‌ಕ್ಯಾಪ್‌ನಲ್ಲಿ (ಕಾರನ್ನು ಗುದ್ದಿಸಿ ನೋಡುವ ಸುರಕ್ಷತಾ ಪರೀಕ್ಷೆ) ಒಳ್ಳೆ ಸ್ಟಾರ್ ಪಡೆದ ಗಾಡಿ ಹುಡುಕಿ.

ಡೀಸೆಲ್ ಅಗ್ಗ ಅಲ್ವಾ?

ಜಾಸ್ತಿ ಓಡಿಸುವವರಿಗೆ. ಟ್ಯಾಕ್ಸ್ ಸೇರಿ ಡೀಸೆಲ್ ಕಾರಿಗೆ 1.5 ಲಕ್ಷ ಜಾಸ್ತಿ ಅಂತ ಇಟ್ಟುಕೊಳ್ಳಿ. ಪೆಟ್ರೋಲಿನದು 15 ಮೈಲೇಜಿಗೆ ಕಿಲೋಮೀಟರಿಗೆ 6.67 ರೂಪಾಯಿ. ಡೀಸೆಲ್ ಲೀಟರಿಗೆ 90, ಮೈಲೇಜ್ 19 ಆದರೆ 4.74. ಉಳಿಯುವುದು 1.93 ರೂಪಾಯಿ. ಆ ಒಂದೂವರೆ ಲಕ್ಷ ವಾಪಸ್ ಬರಲು 77 ಸಾವಿರ ಕಿಲೋಮೀಟರ್ ದಾಟಬೇಕು. ನನ್ನ ಓಡಾಟಕ್ಕೆ ಹತ್ತಿರ ಹತ್ತಿರ ಹತ್ತು ವರ್ಷ. ಜತೆಗೆ ಬಿಎಸ್-6 (ಹೊಗೆ ಮಿತಿಯ ಈಗಿನ ನಿಯಮ) ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಸ್ವಚ್ಛವಾಗಲು ಗಾಡಿ ಆಗಾಗ ಹೈವೇಯಲ್ಲಿ ಬಿಸಿಯಾಗಿ ಓಡಬೇಕು. ಬರೀ ಸರಸ್ವತಿಪುರಂನಿಂದ ದೇವರಾಜ ಮಾರ್ಕೆಟ್ಟಿಗೆ ಅಂತ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ಆಮೇಲೆ ದೊಡ್ಡ ಬಿಲ್ಲು.

ಸಿಎನ್‌ಜಿ?

ದುಡ್ಡು ಉಳಿಯುತ್ತದೆ, ಡಿಕ್ಕಿ ಹೋಗುತ್ತದೆ. ಬಂಕಿನಲ್ಲಿ ಕ್ಯೂ ಇರುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಬೇಕು. ತೆಂಗಿನಕಾಯಿ ಎಲ್ಲಿಡ್ತೀರಿ ಅಂತ ಯೋಚಿಸಿ.

ಎಲೆಕ್ಟ್ರಿಕ್ ತಗೊಂಡ್ರೆ ಖರ್ಚೇ ಇಲ್ಲ ಅಂತಾರಲ್ಲ?

ಓಡಿಸುವ ಖರ್ಚು ನಿಜವಾಗಿ ಕಡಿಮೆ. ಒಂದು ಯೂನಿಟ್ ಕರೆಂಟಿಗೆ ಸಣ್ಣ ಕಾರು 7 ಕಿಲೋಮೀಟರ್ ಓಡುತ್ತದೆ ಅಂತ ಹಿಡಿಯಬಹುದು. ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಸದ್ದೂ ಇಲ್ಲ. ಊರೊಳಗಿನ ಕಂಫರ್ಟಿಗೆ ಇದನ್ನು ಮೀರಿಸುವುದು ಯಾವುದೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ನಮ್ಮ ರಾಜ್ಯದವರು ಮರೆಯುವ ಒಂದು ಲೆಕ್ಕ ಇದೆ. ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ನಿಮ್ಮದೇ. ವರ್ಷಕ್ಕೆ 8,000 ಕಿಲೋಮೀಟರ್ ಅಂದರೆ ತಿಂಗಳಿಗೆ ಸುಮಾರು 95 ಯೂನಿಟ್. ಮನೆಗೆ ಈಗ 130 ಯೂನಿಟ್ ಆಗುತ್ತಿದ್ದರೆ ಕಾರಿನದು ಸೇರಿ 225. ಇಷ್ಟು ದಿನ ಸೊನ್ನೆ ಬರುತ್ತಿದ್ದ ಸೆಸ್ಕ್ ಬಿಲ್ಲು ಫ್ಯಾನು, ಫ್ರಿಜ್ಜಿನದ್ದೂ ಸೇರಿಸಿಕೊಂಡು ಬರುತ್ತದೆ. ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳುವ ದಾರಿ ಇದೆ. ಕಾರು ಬುಕ್ ಮಾಡುವ ಮುಂಚೆ ವಿಚಾರಿಸಿ. ಸ್ವಂತ ಪಾರ್ಕಿಂಗ್, ಅಲ್ಲಿಯ ತನಕ ವೈರು ಇಲ್ಲದ ಬಾಡಿಗೆ ಮನೆಯವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ನೀವು ಮಾರಲು ಹೊರಡುವ ಹೊತ್ತಿಗೆ ಅದು ಮುಗಿದಿರುತ್ತದೆ. ಮಾರುವ ಬೆಲೆಯನ್ನು ಕಡಿಮೆಯೇ ಹಿಡಿಯಿರಿ.

ದಿನಾ ಮಂಡ್ಯದಿಂದ ಮೈಸೂರಿಗೆ ಕಾರಲ್ಲೇ ಹೋಗಿಬರೋ ಯೋಚನೆ ಇದೆ.

ಒಂದು ಕಡೆಗೆ 45 ಕಿಲೋಮೀಟರ್. ವರ್ಷಕ್ಕೆ 250 ದಿನ ಅಂದರೆ 22,500 ಕಿಲೋಮೀಟರ್. ಮಧ್ಯದಲ್ಲಿ ಗಣಂಗೂರು ಟೋಲ್. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು. ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್. ನಿಮಗೆ ವರ್ಷಕ್ಕೆ 500 ಟ್ರಿಪ್ ಬೇಕು, ಅಂದರೆ ಪಾಸು ಐದು ತಿಂಗಳೂ ಬರಲ್ಲ. ಮತ್ತೆ ಮತ್ತೆ ಮಾಡಿಸಬೇಕು. ಆದರೂ ಬಿಡಿಯಾಗಿ ಕಟ್ಟುವುದಕ್ಕಿಂತ ಅಗ್ಗ. ಬೈಕಿನಲ್ಲಿ ಹೋಗ್ತೀನಿ ಅನ್ನುವವರಿಗೆ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯೇ ಇಲ್ಲ, ಸರ್ವೀಸ್ ರೋಡೇ ಗತಿ.

ನಮ್ಮ ಆಫೀಸಿನ ಮಂಡ್ಯದವರು ತಿಂಗಳ ಪಾಸ್ ಮಾಡಿಸಿಕೊಂಡು ಟ್ರೇನಿನಲ್ಲಿ ಬರುತ್ತಾರೆ. ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ರಾಜಕೀಯ. ಸ್ಟೇಷನ್ನಿಂದ ಆಫೀಸಿಗೆ ಒಂದು ಹಳೆ ಸ್ಕೂಟರ್ ಇಟ್ಟುಕೊಂಡಿದ್ದಾರೆ. ಅವರ ಲೆಕ್ಕದ ಮುಂದೆ ನನ್ನ ನೋಟ್‌ಬುಕ್ ನಾಚಿಕೊಳ್ಳುತ್ತದೆ.

ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸಬೇಕಾ?

ಬೇಕಿಲ್ಲ. ನನಗೆ ಒಂದು ಶೋರೂಮಿನವರು 52 ಸಾವಿರ ಅಂದಿದ್ದರು. ಅದೇ ಕವರಿಗೆ ಹೊರಗೆ 38 ಸಾವಿರದ ಕೊಟೇಶನ್ ತಂದು ತೋರಿಸಿದೆ. ಹತ್ತೇ ನಿಮಿಷದಲ್ಲಿ "ಸರ್, ನಿಮಗೋಸ್ಕರ" ಅಂತ ಇಳಿಸಿದರು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾಗುವ ನಷ್ಟದ) ಇನ್ಶೂರೆನ್ಸ್ ಒಟ್ಟಿಗೇ ಕಟ್ಟಬೇಕು, ಅದು ಕಡ್ಡಾಯ. ಕ್ಲೇಮ್ ಮಾಡದೆ ಐದು ವರ್ಷ ಕಳೆದರೆ ಸ್ವಂತ ಡ್ಯಾಮೇಜಿನ ಪ್ರೀಮಿಯಂ ಮೇಲೆ ಶೇ 50 ನೋ ಕ್ಲೇಮ್ ಬೋನಸ್. ಅದು ನಿಮ್ಮ ಹೆಸರಿಗೆ ಸೇರಿದ್ದು, ಕಾರಿಗಲ್ಲ. ಕಾರು ಮಾರಿದರೂ ಹೊಸ ಕಾರಿಗೆ ತೆಗೆದುಕೊಂಡು ಹೋಗಬಹುದು. ಎರಡು ಸಾವಿರದ ಗೀರಿಗೆಲ್ಲ ಕ್ಲೇಮ್ ಹಾಕಬೇಡಿ.

ಲೋನು ಐದು ವರ್ಷಕ್ಕಾ, ಏಳು ವರ್ಷಕ್ಕಾ?

8 ಲಕ್ಷ, ಶೇ 9 ಬಡ್ಡಿ. ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 16,600, ಒಟ್ಟು ಬಡ್ಡಿ 1.96 ಲಕ್ಷ. ಏಳು ವರ್ಷಕ್ಕೆ ಕಂತು 12,870, ಬಡ್ಡಿ 2.81 ಲಕ್ಷ. ಐದು ವರ್ಷದ ಕಂತು ಕಟ್ಟೋಕೆ ಕಷ್ಟ ಅನ್ನಿಸಿದರೆ ಕಾರು ಒಂದು ಸೈಜು ದೊಡ್ಡದಾಯಿತು ಅಂತ ಅರ್ಥ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಅವಮಾನನಾ?

ಯಾರಿಗೆ? ಮೂರು–ನಾಲ್ಕು ವರ್ಷದ ಕಾರು ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ. ಲೈಫ್ ಟ್ಯಾಕ್ಸ್ ಮೊದಲಿನವರೇ ಕಟ್ಟಿರುತ್ತಾರೆ, ಬೆಲೆ ಬೀಳುವ ದೊಡ್ಡ ಏಟನ್ನೂ ಅವರೇ ತಿಂದಿರುತ್ತಾರೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯಾ, ದಂಡ ಬಾಕಿ ಇದೆಯಾ, ಇನ್ಶೂರೆನ್ಸ್ ಕ್ಲೇಮ್ ಆಗಿದೆಯಾ ನೋಡಿ. ಮೀಟರಿನಲ್ಲಿ 30 ಸಾವಿರ ಕಿಲೋಮೀಟರ್ ಇದ್ದು ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಎದ್ದು ಬನ್ನಿ. ನಿಮ್ಮ ಗ್ಯಾರೇಜಿನ ಮೇಸ್ತ್ರಿಗೆ ಐನೂರು ಕೊಟ್ಟು ಜತೆಗೆ ಕರೆದುಕೊಂಡು ಹೋಗಿ. ಫಾರಂ 29, 30 ಸಹಿ ಹಾಕಿಸಿದ ಮೇಲೆ 14 ದಿನದೊಳಗೆ ಹೆಸರು ಬದಲಾವಣೆಗೆ ಕೊಡಿ.

ಅಪರೂಪದ ಬ್ರಾಂಡ್ ಒಂದು ತುಂಬಾ ಇಷ್ಟ ಆಗಿದೆ.

ಸರ್ವೀಸ್ ಸೆಂಟರ್ ಮೈಸೂರಿನಲ್ಲೇ ಇದೆಯಾ ನೋಡಿ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಆಮೇಲೆ ಮಾರುವ ಬೆಲೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಹಾಗಂತ ಕಂಪನಿ ಮುಚ್ಚಿದರೆ ಗಾಡಿಯೂ ಸತ್ತಂತೆ ಅಲ್ಲ. ಜಾವಾ, ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಮುಚ್ಚಿದ್ದು 1996ರಲ್ಲಿ. ಇವತ್ತೂ ಆ ಬೈಕುಗಳ ಸದ್ದು ಊರಲ್ಲಿ ಕೇಳಿಸುತ್ತದೆ. ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವ ಮೇಸ್ತ್ರಿಗಳು ಇಲ್ಲಿದ್ದಾರೆ. ನಿಮ್ಮ ಅಪರೂಪದ ಕಾರಿಗೆ ಅಂಥವರು ಇದ್ದಾರಾ?

ಆಯುಧ ಪೂಜೆಗೆ ತಗೊಳ್ಳೋದಾ, ಡಿಸೆಂಬರ್ ರಿಯಾಯಿತಿಗೆ ಕಾಯೋದಾ?

ಡಿಸೆಂಬರ್‌ನಲ್ಲಿ ಕೊಂಡರೆ ಜನವರಿಗೇ "ಹೋದ ವರ್ಷದ ಮಾಡೆಲ್" ಆಗಿಬಿಡುತ್ತದೆ. ಬೇಗ ಮಾರುವವರಿಗೆ ನಷ್ಟ, ಎಂಟು–ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಲಾಭ. ಆಯುಧ ಪೂಜೆಗೆ ಕೊಂಡರೆ ಲಾಭ ನಿಂಬೆಹಣ್ಣಿನವರಿಗೆ. ಆದರೂ ನಾನು ಕೊಂಡಿದ್ದು ಆಯುಧ ಪೂಜೆಗೇ. ಅವ್ವ ಬೇರೆ ದಿನಕ್ಕೆ ಒಪ್ಪಲಿಲ್ಲ.

ಕೊನೆಗೆ, ನಿಮ್ಮ ಹತ್ತಿರ ಯಾವ ಕಾರಿದೆ?

ಅದೇ ಜಗಲಿ ಎತ್ತರದ ಹ್ಯಾಚ್‌ಬ್ಯಾಕ್. ಮಧ್ಯದ ಮಾಡೆಲ್, ಪೆಟ್ರೋಲ್, 15 ಇಂಚಿನ ಚಕ್ರ. ಬಾಗಿಲ ಮೇಲೆ ಎರಡು ಗೀರು ಇವೆ, ತೆಗೆಸಿಲ್ಲ. ಮುಂದಿನ ಎಡ ಸೀಟನ್ನು ಯಾರೂ ಹಿಂದೆ ಮುಂದೆ ಸರಿಸುವ ಹಾಗಿಲ್ಲ, ಅವ್ವ ಅದನ್ನು ತನ್ನ ಅಳತೆಗೆ ಇಟ್ಟುಕೊಂಡಿದ್ದಾಳೆ.